ದೊಡ್ಡ ಮನೆಯ ಹೆರೆಮಣೆ

ಬಿಲಾತಿಗೆ ಹೋಗಿ ಬಂದವನನ್ನು ನಮ್ಮ ಕಡೆ ಕೇಳುವುದು ಎರಡೇ ಪ್ರಶ್ನೆ. ಚಳಿ ಎಷ್ಟಿತ್ತು, ಊಟಕ್ಕೆ ಎಂತ ಸಿಕ್ಕಿತು. ಕುಂಬ್ರದಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಅಲ್ಲಿನ ಜಿನಸಿ ಅಂಗಡಿಯ ಬ್ಯಾರಿ ಸಾಹುಕಾರರೊಬ್ಬರು ಮಾತ್ರ ಮೂರನೆಯದೊಂದನ್ನು ಕೇಳಿದರು.

"ಮಾಸ್ಟ್ರೇ, ಅಷ್ಟು ದೂರ ಹೋಗಿ ನೀವು ಕಂಡ ದೊಡ್ಡ ಸಂಗತಿ ಎಂತ?"

"ಒಂದು ಹೆರೆಮಣೆ," ಎಂದೆ.

"ತೆಂಗಿನಕಾಯಿ ಹೆರೆಯುದಾ? ಅದಕ್ಕೆ ಹಡಗು ಹತ್ಬೇಕಿತ್ತಾ ಮಾರಾಯ್ರೆ? ನನ್ನ ಅಂಗಡಿಯಲ್ಲೇ ನಾಲ್ಕು ಉಂಟು!"

ಅಷ್ಟರಲ್ಲಿ ಬಸ್ಸು ಬಂತು. ಕಿಟಕಿಯಿಂದ ಕೈಬೀಸುವುದಷ್ಟೇ ಆಯಿತು, ಉತ್ತರ ಅರ್ಧಕ್ಕೆ ನಿಂತಿತು. ಆ ಉಳಿದ ಅರ್ಧವನ್ನು ಸಾಹುಕಾರರಿಗೂ, ಕೇಳದೆ ಬಿಟ್ಟ ಇತರರಿಗೂ ಇಲ್ಲಿ ಬರೆದು ಒಪ್ಪಿಸುತ್ತಿದ್ದೇನೆ.

ಬಂದರು

ನಾವು ಹೋದದ್ದು ರಾಣಿಯ ಅರಮನೆ ನೋಡಲಿಕ್ಕಲ್ಲ, ಬಾಣಂತನಕ್ಕೆ. ನನ್ನ ಹೆಂಡತಿ ದೇವಕಿಯ ತಮ್ಮ ವಸಂತ ಇಂಗ್ಲೆಂಡಿನ ಪಶ್ಚಿಮದ ಒಂದು ಸಣ್ಣ ಪಟ್ಟಣದ ಆಸ್ಪತ್ರೆಯಲ್ಲಿ ಡಾಕ್ಟರು. ಅವನ ಹೆಂಡತಿಗೆ ಚೊಚ್ಚಲ ಹೆರಿಗೆ. ಅವಳ ತಾಯಿಗೆ ಹಾಸಿಗೆ ಬಿಟ್ಟು ಏಳಲಾಗದ ಕಾಯಿಲೆ. ಹಾಗಾಗಿ ಸುಳ್ಯದ ತವರುಮನೆಯಲ್ಲಿ ನಾಲ್ಕು ಜನರ ಬಾಣಂತನ ಮಾಡಿ ಹೆಸರು ಪಡೆದಿದ್ದ ದೇವಕಿಯೇ ಹೊರಡಬೇಕಾಯಿತು. ನಾನು ಕಾಣಿಯೂರಿನ ಕಡೆಯ ಪ್ರಾಥಮಿಕ ಶಾಲೆಯ ಮಾಸ್ತರ. ಮಕ್ಕಳಿಗೆ ಕಲಿಸಿ ಉಳಿದಷ್ಟು ಇಂಗ್ಲಿಷನ್ನು ಕಟ್ಟಿಕೊಂಡು ಅವಳ ದುಭಾಷಿಯಾಗಿ ಹೊರಟೆ.

ಬಂದರಿನಲ್ಲಿ ಸುಂಕದವರು ನಮ್ಮ ಪೆಟ್ಟಿಗೆ ಬಿಚ್ಚಿಸಿದರು. ಕರಿಮೆಣಸು, ಓಮ, ಬೆಲ್ಲ ಎಲ್ಲ ಸರಾಗವಾಗಿ ದಾಟಿದವು. ಬಾಣಂತಿ ಲೇಹ್ಯದ ಭರಣಿಗೆ ಬಂದಾಗ ಅಧಿಕಾರಿ ಮುಚ್ಚಳ ತೆಗೆದು ಮೂಸಿದ. ಇನ್ನೊಬ್ಬನನ್ನು ಕರೆದ. ಅವನೂ ಮೂಸಿ ಮೂರನೆಯವನನ್ನು ಕರೆದ.

"ಇದು ಬೂಟಿಗೆ ಹಚ್ಚುವುದೋ?" ಎಂದು ಕೇಳಿದ ಮೊದಲಿನವನು, ಬಹಳ ಮರ್ಯಾದೆಯಿಂದ.

ನಾನು ಇಂಗ್ಲಿಷಿನಲ್ಲಿ ಲೇಹ್ಯವನ್ನು ಹುಡುಕುತ್ತಿರುವಾಗಲೇ ದೇವಕಿ ಬೆರಳಿನಲ್ಲಿ ಒಂದು ಉಂಡೆ ತೆಗೆದು ಬಾಯಿಗೆ ಹಾಕಿಕೊಂಡಳು. ಇನ್ನೊಂದು ಉಂಡೆಯನ್ನು ಅವನ ಮುಂದೆ ಹಿಡಿದಳು. "ತಿನ್ನು ಮಗ, ಸೊಂಟಕ್ಕೆ ಒಳ್ಳೆದು." ಆ ಮನುಷ್ಯ ಕೆಂಪಗಾಗಿ ಪೆಟ್ಟಿಗೆ ಮುಚ್ಚಿಬಿಟ್ಟ. ಇಂಗ್ಲೆಂಡಿನಲ್ಲಿ ನನ್ನ ದುಭಾಷಿತನ ಎಷ್ಟು ಬೇಕಾಗುತ್ತದೆ ಎಂದು ನನಗೆ ಅಲ್ಲೇ ಸಂಶಯ ಬಂತು.

ಆದರೆ ಅವಳ ಲೇಹ್ಯಕ್ಕೂ ಅಲ್ಲಿ ಕೆಲಸವಿರಲಿಲ್ಲ. ನಾವು ತಲುಪುವ ಹಿಂದಿನ ದಿನವೇ ಹೆಣ್ಣುಮಗು ಹುಟ್ಟಿತ್ತು. ಹೆತ್ತವಳನ್ನು ಹತ್ತು ದಿನ ಆಸ್ಪತ್ರೆಯಲ್ಲೇ ಇಟ್ಟುಕೊಳ್ಳುವುದು ಅಲ್ಲಿಯ ಕ್ರಮ. ನೋಡಲು ಗಂಡನೊಬ್ಬನಿಗೆ ಅವಕಾಶ, ಅದೂ ಸಾಯಂಕಾಲ ಅರ್ಧ ಗಂಟೆ.

"ಹತ್ತು ದಿನ ಅವರೇ ಇಟ್ಕೊಳ್ಳುದಾದ್ರೆ ನಾನು ಬಂದದ್ದು ಎಂತಕ್ಕೆ? ಕಡಲು ನೋಡ್ಲಿಕ್ಕಾ?" ದೇವಕಿ ತಮ್ಮನ ಮೇಲೆ ಹರಿಹಾಯ್ದಳು. "ಬಾಣಂತಿಗೆ ತಣ್ಣಗಿನ ಹಾಲು ಕೊಡ್ತಾರಂತೆ! ನೀನು ಡಾಕ್ಟ್ರು ಆಗಿ ನೋಡ್ತಾ ಕೂತಿದ್ದೀಯಾ?"

"ಅಕ್ಕಾ, ಅಲ್ಲಿ ನನ್ನ ಮಾತು ನಡಿಯುದಿಲ್ಲ. ಆ ವಾರ್ಡಿನ ದೊಡ್ಡ ನರ್ಸಮ್ಮ ಇದ್ದಾಳಲ್ಲ, ಅವಳ ಮುಂದೆ ನೀನೂ ಸಣ್ಣವಳೇ," ಎಂದ ವಸಂತ. ಮತ್ತೆ ನನ್ನ ಕಡೆ ತಿರುಗಿ, "ಭಾವ, ಇವಳನ್ನು ಎಲ್ಲಿಗಾದ್ರೂ ಕರ್ಕೊಂಡು ಹೋಗಿ. ಇಲ್ಲದಿದ್ರೆ ನನ್ನ ಕೆಲಸ ಹೋಗ್ತದೆ."

ಮಂಗಳವಾರ, ಮಳೆ

ಮೇ ತಿಂಗಳು. ನಮ್ಮಲ್ಲಾದರೆ ಬೆನ್ನಿಗೆ ಅಂಗಿ ಅಂಟುವ ಕಾಲ. ಅಲ್ಲಿ ಮಳೆ ಬೀಳುವುದೋ ನಿಲ್ಲುವುದೋ ಎಂದು ತೀರ್ಮಾನವಾಗದೆ ಗಾಳಿಯಲ್ಲೇ ನೇತಾಡುತ್ತಿತ್ತು. ಪೇಟೆ ಸುತ್ತುತ್ತಿದ್ದ ನಾವಿಬ್ಬರು ನೆನೆದು, ತೆರೆದಿದ್ದ ಮೊದಲ ದೊಡ್ಡ ಬಾಗಿಲಿನೊಳಗೆ ನುಗ್ಗಿದೆವು.

ಊರಿನವರು ಅದನ್ನು 'ಮನೆ' ಎಂದಷ್ಟೇ ಕರೆಯುತ್ತಾರೆ. ನಮ್ಮಲ್ಲಿ ಹಳೆಯ ಅರಸು ಮನೆತನದ 'ಬೀಡು' ಎಂದರೆ ಯಾವ ಬೀಡು ಎಂದು ಆ ಗ್ರಾಮದಲ್ಲಿ ಯಾರೂ ಕೇಳುವುದಿಲ್ಲವಲ್ಲ, ಹಾಗೆ. ಕಾಫಿ, ಮೆಣಸಿನ ವ್ಯಾಪಾರದಲ್ಲಿ ಬೆಳೆದ ಒಂದು ಕುಟುಂಬ ಮೂರು ತಲೆಮಾರು ಕಟ್ಟಿಸಿದ ಮನೆ. ಒಬ್ಬ ಕಲ್ಲು ತಂದ, ಅವನ ಮಗ ಚಿತ್ರ ತಂದ, ಮೊಮ್ಮಗ ಸಾಲ ತಂದ ಎಂದು ಬಾಗಿಲಿನ ಕಾವಲುಗಾರನೇ ನಗುತ್ತಾ ಹೇಳಿದ. ಮೊದಲ ಯುದ್ಧದಲ್ಲಿ ಗಂಡುಮಕ್ಕಳು ಹೋದರು. ಎರಡನೆಯದರಲ್ಲಿ ಸಿಪಾಯಿಗಳು ಬಂದು ಚಾವಡಿಯ ಮರದ ನೆಲದ ಮೇಲೆ ಬೂಟು ಹಾಕಿ ಕುಣಿದರು. ಕೊನೆಗೆ ಮಾಡಿನ ಸೋರಿಕೆ ನಿಲ್ಲಿಸಲಾಗದೆ ಮನೆಯನ್ನು, ಒಳಗಿನ ಚಿತ್ರಗಳ ಸಮೇತ, ಪಟ್ಟಣಕ್ಕೆ ಬಿಟ್ಟುಕೊಟ್ಟರು. ಈಗ ಅದು ಚಿತ್ರಶಾಲೆ. ಪ್ರತಿ ಕೋಣೆಯ ಬಾಗಿಲಿಗೆ ಒಂದು ನಂಬ್ರ.

ನಮ್ಮಲ್ಲಿ ದೊಡ್ಡ ಮನೆಗಳು ಬೀಳುವ ರೀತಿ ಬೇರೆ. ಮೊದಲು ಕೆತ್ತನೆಯ ಕಂಬ ಹೋಗುತ್ತದೆ, ಆಮೇಲೆ ಬಾಗಿಲು. ಕೊನೆಗೆ ಹಂಚು ಇಳಿಸಿ ಪಾಲು ಮಾಡುತ್ತಾರೆ. ಹತ್ತು ವರ್ಷ ಕಳೆದರೆ ಉಳಿದ ಕಲ್ಲಿನ ಪಂಚಾಂಗದ, ಅಂದರೆ ತಳಪಾಯದ, ಮೇಲೆ ಹುಲ್ಲು. ಅಲ್ಲಿ ಮನೆ ನಿಂತೇ ಇತ್ತು, ಮನೆಯವರು ಮಾತ್ರ ಗೋಡೆ ಹತ್ತಿದ್ದರು. ಚಿನ್ನದ ಚೌಕಟ್ಟಿನೊಳಗೆ ಕೂತು ನಮ್ಮ ಒದ್ದೆ ಚಪ್ಪಲಿಗಳನ್ನೇ ನೋಡುತ್ತಿದ್ದರು.

"ಇವರಿಗೆಲ್ಲ ವರ್ಷಕ್ಕೊಮ್ಮೆ ಬಡಿಸುದಿಲ್ವಾ?" ಎಂದು ದೇವಕಿ ಪಿಸುಗುಟ್ಟಿದಳು.

"ಇಲ್ಲಿ ಹಿರಿಯರಿಗೆ ಬಡಿಸುದಿಲ್ಲ, ಧೂಳು ಒರೆಸುದು ಮಾತ್ರ."

ಎಲ್ಲರೂ ಪಿಸುಮಾತಿನಲ್ಲೇ ಓಡಾಡುತ್ತಿದ್ದರು, ಒಳಗೆ ಯಾರೋ ಕಾಯಿಲೆ ಮಲಗಿದ ಹಾಗೆ. ಹಾಗಿರುವಾಗ ಹನ್ನೆರಡನೆಯ ಕೋಣೆಯಲ್ಲಿ ನನ್ನ ಹೆಂಡತಿಯ ನಗು ಕೇಳಿದ್ದು ಇಡೀ ಮನೆಗೇ ಗೊತ್ತಾಯಿತು.

ಹನ್ನೆರಡನೆಯ ಕೋಣೆ

ಅದು ಪೂರ್ವದೇಶದ ಕೋಣೆ. ಆನೆದಂತ, ಚೀನಾದ ಹೂದಾನಿ, ಯಾವುದೋ ದೇವರ ತಲೆ. ನಟ್ಟನಡುವೆ ಕೆಂಪು ಹಗ್ಗದ ಬೇಲಿಯೊಳಗೆ, ಸಣ್ಣ ಕಟ್ಟೆಯ ಮೇಲೆ ನಾಲ್ಕು ಕಾಲಿನ ಒಂದು ಮರದ ಮಣೆ. ಮುಂದಕ್ಕೆ ಚಾಚಿದ ಕಬ್ಬಿಣದ ಕತ್ತು, ಅದರ ತುದಿಯಲ್ಲಿ ಹಲ್ಲುಹಲ್ಲಿನ ನಾಲಿಗೆ. ನಮ್ಮ ಪ್ರತಿ ಅಡುಗೆಮನೆಯ ಮೂಲೆಯಲ್ಲಿ ಇರುವ ಹೆರೆಮಣೆ.

"ಇಲ್ಲಿ ಎಂತ ಬರ್ದಿದ್ದಾರೆ, ಓದಿ."

ನಾನು ಓದಿ ಕನ್ನಡಕ್ಕೆ ತಿರುಗಿಸಿದೆ: "ಬಲಿಪೀಠ. ಭಾರತದ ಪಶ್ಚಿಮ ಕರಾವಳಿ. ಪೂಜಾರಿಯು ಇದನ್ನೇರಿ ಕುಳಿತು ಬಲಿ ಕೊಡುತ್ತಿದ್ದನೆಂದು ನಂಬಲಾಗಿದೆ."

ಆಗಲೇ ಆ ನಗು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಹಾಗಾದ್ರೆ ನಾನು ದಿನಕ್ಕೆ ಎರಡು ಬಲಿ ಕೊಡ್ತೇನೆ! ಹಬ್ಬಕ್ಕೆ ಹತ್ತು!"

ನಕ್ಕು ಮುಗಿಸಿ ಕಣ್ಣೊರೆಸಿಕೊಂಡವಳು ಒಂದು ಕೆಲಸ ಮಾಡಿದಳು. ಅದನ್ನು ನಮ್ಮ ಕಡೆಯ ಹೆಂಗಸು ಮಾತ್ರ ಮಾಡಿಯಾಳು. ಕೆಲಸವಿಲ್ಲದಾಗ ಹೆರೆಮಣೆಯನ್ನು ಹಲ್ಲು ಮೇಲಾಗಿ ನಿಲ್ಲಿಸಿಡುವ ಕ್ರಮ ನಮ್ಮಲ್ಲಿ ಇಲ್ಲ. ಯಾರಾದರೂ ಎಡವಿ ಬಿದ್ದರೆ ಗತಿ ಏನು? ಮಗ್ಗುಲಿಗೆ ಮಲಗಿಸಿ ಗೋಡೆಯ ಕಡೆ ಮುಖ ಮಾಡಿ ಇಡಬೇಕು. ಇವಳು ಯೋಚನೆಯೇ ಮಾಡದೆ ಹಗ್ಗದ ಕೆಳಗೆ ನುಸುಳಿ, ನೂರು ಜನ ಓಡಾಡುವ ಜಾಗದಲ್ಲಿ ಹಲ್ಲು ಕಿರಿದು ನಿಂತಿದ್ದ ಆ ಬಲಿಪೀಠವನ್ನು ಹಿಡಿದು ಮಗ್ಗುಲಿಗೆ ಮಲಗಿಸಿಬಿಟ್ಟಳು.

ಕಾವಲುಗಾರ ಕೂಗಿಕೊಂಡು ಓಡಿ ಬಂದ. ಅವನ ಹಿಂದೆ ಕನ್ನಡಕದ ಯುವಕನೊಬ್ಬ ಬಂದ. ಆ ಚಿತ್ರಶಾಲೆಯ ಮೇಲ್ವಿಚಾರಕ, ಮಿಸ್ಟರ್ ಕೋಲ್. ನಾನು ಕಲಿತ ಇಂಗ್ಲಿಷೆಲ್ಲ ಮರೆತು "ಸಾರಿ ಸಾರ್" ಎಂಬಲ್ಲಿಗೇ ನಿಂತೆ. ದೇವಕಿ ಮಾತ್ರ ಮಣೆಯ ಅಡಿಭಾಗವನ್ನು ಬಗ್ಗಿ ನೋಡುತ್ತಿದ್ದಳು.

"ಇಲ್ಲಿ ನೋಡಿ. ಮಣೆ ಹಲಸಿಂದು. ಈ ಒಂದು ಕಾಲು ಮಾತ್ರ ಬೇರೆ ಮರ. ಮುರಿದು, ಆಮೇಲೆ ಹಾಕಿದ್ದು."

ನಾನು ಬಗ್ಗಿದೆ. ಹೌದು. ಮೂರು ಕಾಲು ಅರಶಿನ ತಿರುಗಿದ ಹಲಸು, ನಾಲ್ಕನೆಯದು ಬೂದು ಬಣ್ಣದ, ಆ ಮನೆಯ ಮೆಟ್ಟಿಲುಗಳದ್ದೇ ಜಾತಿಯ ಮರ. ಅದನ್ನು ಹಿಡಿದದ್ದು ಹಿತ್ತಾಳೆಯ ತಿರುಪು ಮೊಳೆ. ಹಲ್ಲುಗಳು ಅರದಲ್ಲಿ ಉಜ್ಜಿ ಉಜ್ಜಿ ಅರ್ಧಕ್ಕೆ ಇಳಿದಿದ್ದವು.

ಇದನ್ನು ನಾನು ತಡವರಿಸುತ್ತಾ ಹೇಳುತ್ತಿದ್ದಾಗ ಹಿಂದಿನಿಂದ ಒಂದು ಮುದಿದನಿ ಕೇಳಿತು. "ಅಂದರೆ, ಇದನ್ನು ಈ ಮನೆಯಲ್ಲಿ ಯಾರೋ ಬಳಸುತ್ತಿದ್ದರೇ?"

ಕೋಲು ಊರಿ ನಿಂತಿದ್ದ ತೆಳ್ಳಗಿನ ಮುದುಕಿ. ಎಂಬತ್ತರ ಹತ್ತಿರ. "ಇವರು ಮಿಸ್ ಎಡಿತ್," ಎಂದ ಕೋಲ್, ಸ್ವಲ್ಪ ಸುಸ್ತಾದವನಂತೆ. "ಈ ಮನೆಯ ಕೊನೆಯ ಮಗಳು."

ಕುದುರೆಲಾಯದ ಮೇಲಿನ ಕೋಣೆ

ಮನೆ ಬಿಟ್ಟುಕೊಟ್ಟಾಗ ಮಿಸ್ ಎಡಿತ್ ತನಗೆಂದು ಉಳಿಸಿಕೊಂಡದ್ದು ಹಿಂದಿನ ಕುದುರೆಲಾಯದ ಮೇಲಿನ ಎರಡು ಕೋಣೆ. ಅಲ್ಲಿಗೆ ನಮ್ಮನ್ನು ಚಹಾಕ್ಕೆ ಕರೆದುಕೊಂಡು ಹೋದರು. ಚಹಾ ಒಂದು ಕಡೆ, ಹಾಲು ಒಂದು ಕಡೆ, ಸಕ್ಕರೆ ಇನ್ನೊಂದು ಕಡೆ ಇಟ್ಟು ನಮ್ಮಿಂದಲೇ ಬೆರೆಸಿಸುವುದು ಅಲ್ಲಿಯ ಉಪಚಾರ. ಅವರ ಮಾತನ್ನು ನನಗೆ ತಿಳಿದಂತೆ ಇಲ್ಲಿ ಬರೆಯುತ್ತೇನೆ.

"ನನ್ನ ತಂದೆ ಮಂಗಳೂರಿನಲ್ಲಿ ಎಂಟು ವರ್ಷ ಕಾಫಿ ವ್ಯಾಪಾರ ಮಾಡಿದರು. ನಾನು ಅಲ್ಲೇ ಹುಟ್ಟಿದ್ದು. ಎರಡು ವರ್ಷದವಳಿದ್ದಾಗ ಇಲ್ಲಿಗೆ ಬಂದೆವು. ನಮ್ಮ ಜೊತೆ ಒಬ್ಬ ಹೆಂಗಸು ಬಂದಿದ್ದಳು. ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು ಆ ಉದ್ದದ ಓಣಿಯಲ್ಲಿ ಬರಿಗಾಲಲ್ಲಿ ನಡೆಯುತ್ತಿದ್ದಳು. ತಲೆಯ ಎಣ್ಣೆಯ ವಾಸನೆ ನೆನಪಿದೆ. ಮುಖ ನೆನಪಿಲ್ಲ. ನನಗೆ ಆರು ವರ್ಷವಾದಾಗ ಒಂದು ಬೆಳಗ್ಗೆ ಅವಳು ಇರಲಿಲ್ಲ. ಹಡಗು ಹತ್ತಿಸಿದೆವು ಎಂದರು. ಅಷ್ಟೇ. ಮತ್ತೆ ಯಾರೂ ಅವಳ ಮಾತು ಎತ್ತಲಿಲ್ಲ. ಅಣ್ಣಂದಿರು, ನೀನೇ ಕಟ್ಟಿದ ಕಥೆ ಎಂದು ನನ್ನನ್ನು ಹಾಸ್ಯ ಮಾಡುತ್ತಿದ್ದರು."

ಆಗಲೇ ನಮಗೆ ವಿಷಯ ತಿಳಿದದ್ದು. ಚಿತ್ರಶಾಲೆಗೆ ಹೊಸ ಕೈಪಿಡಿ ಅಚ್ಚಾಗಲಿತ್ತು, ಎಲ್ಲ ಕೋಣೆಗಳ ಬರಹದ ಚೀಟಿಗಳೂ ಹೊಸದಾಗಲಿದ್ದವು. ಬರುವ ಮಂಗಳವಾರ ಎಲ್ಲವೂ ಅಚ್ಚಿನ ಮನೆಗೆ. ಮನೆ ಕಟ್ಟಿದ ಮೇಸ್ತ್ರಿಯಿಂದ ಹಿಡಿದು ನಾಯಿಗಳವರೆಗೆ ಎಲ್ಲರ ಹೆಸರೂ ಅದರಲ್ಲಿತ್ತು. ಆ ಹೆಂಗಸಿನದು ಒಂದು ಸಾಲು ಬರಲಿ ಎಂದು ಮಿಸ್ ಎಡಿತ್ ಎಷ್ಟೋ ತಿಂಗಳಿಂದ ಬೇಡುತ್ತಿದ್ದರು. ಕೋಲ್ ಕೆಟ್ಟವನಲ್ಲ. ಆದರೆ ಕಾಗದ, ಚಿತ್ರ, ಪತ್ರ ಏನೂ ಸಿಗದೆ ಆರು ವರ್ಷದ ಮಗುವಿನ ನೆನಪನ್ನು ಅಚ್ಚು ಹಾಕಲಾರೆ ಎನ್ನುತ್ತಿದ್ದ.

"ಮುಂದಿನ ಕೈಪಿಡಿ ಬರುವಾಗ ನಾನಿರುವುದಿಲ್ಲ," ಎಂದರು ಅವರು. ಇದನ್ನು ನಾಳೆ ಮಳೆ ಬರಬಹುದು ಎಂಬಷ್ಟೇ ಹಗುರವಾಗಿ ಹೇಳಿದರು. ಮತ್ತೆ ಬಟ್ಟಲು ಕೆಳಗಿಟ್ಟು ನನ್ನನ್ನೇ ನೋಡಿ ಕೇಳಿದರು. "ನೀವು ಆ ಕಡೆಯವರು. ಅವಳು ಊರು ತಲುಪಿದಳೇ?"

ನಾನು ಕಥೆ ಹೇಳಿ ಬದುಕಿದವನು. ಮಳೆಗಾಲದಲ್ಲಿ ನನ್ನ ಅಜ್ಜಿಯ ಬಳಿ ಕೂತು ಭಾಷೆ ಕಲಿತವನು. ಕೇಳುವವರ ಮುಖ ನೋಡಿ ಕಥೆಯ ಬಾಲ ತಿರುಗಿಸುವ ವಿದ್ಯೆ ಅವಳಿಂದಲೇ ಬಂದದ್ದು. ನನ್ನ ನಾಲಿಗೆಯ ತುದಿಗೆ ಒಂದು ಕಥೆ ಸಿದ್ಧವಾಗಿ ಬಂದು ನಿಂತಿತು. ನಮ್ಮ ಬೆಟ್ಟಂಪಾಡಿಯ ಕಡೆ ಬಿಲಾತಿ ಅಜ್ಜಿ ಎಂದು ಒಬ್ಬಳಿದ್ದಳು, ಮುಪ್ಪಿನಲ್ಲೂ ಒಂದು ಬಿಳಿ ಕೂಸಿನ ಸುದ್ದಿ ಹೇಳುತ್ತಿದ್ದಳು, ಮೊಮ್ಮಕ್ಕಳ ನಡುವೆ ಸುಖವಾಗಿ ಕಣ್ಣು ಮುಚ್ಚಿದಳು...

"ಬಹಳ ಹಿಂದೆ, ನಮ್ಮ ಊರಿನ ಹತ್ತಿರ," ಎಂದು ಶುರುಮಾಡಿಯೂ ಆಗಿತ್ತು.

"ಎಂತ ಹೇಳ್ತಿದ್ದೀರಿ?" ದೇವಕಿ ಕನ್ನಡದಲ್ಲಿ ನಡುವೆ ಬಾಯಿ ಹಾಕಿದಳು.

ಅವರು ಕೇಳಿದ್ದನ್ನೂ ನಾನು ಹೇಳಲು ಹೊರಟದ್ದನ್ನೂ ಹೇಳಿದೆ.

"ಬೇಡ. ನೀವು ಕಟ್ಟುವಾಗ ನಿಮ್ಮ ಹುಬ್ಬು ಏರ್ತದೆ, ಅವರಿಗೂ ಗೊತ್ತಾಗ್ತದೆ. ಸುಳ್ಳು ಹೇಳಿ ಕೂಸನ್ನು ಮಲಗಿಸ್ಬಹುದು. ಎಂಬತ್ತು ವರ್ಷದವರನ್ನು ಮಲಗಿಸ್ಲಿಕ್ಕೆ ಆಗುದಿಲ್ಲ. ಗೊತ್ತಿಲ್ಲ ಅಂತ ಹೇಳಿ."

ಹುಬ್ಬು ಇಳಿಸಿ ಹೇಳಿದೆ. "ಗೊತ್ತಿಲ್ಲ, ಅಮ್ಮ."

ಅವರು ಬಟ್ಟಲಿನ ಹಿಡಿಯನ್ನು ಒಮ್ಮೆ ಆಚೆ ತಿರುಗಿಸಿದರು, ಒಮ್ಮೆ ಈಚೆ. ನೊಂದುಕೊಂಡರೆಂದು ನಾನು ತಿಳಿದೆ. ಆಮೇಲೆ ಹೇಳಿದರು. "ಇಷ್ಟು ವರ್ಷ ನಾನು ಕೇಳಿದವರೆಲ್ಲ ತಲುಪಿರಬೇಕು, ಖಂಡಿತ ತಲುಪಿರಬೇಕು ಎಂದರು. ಗೊತ್ತಿಲ್ಲ ಎಂದವರು ನೀವೇ ಮೊದಲು." ದೇವಕಿಯ ಬಟ್ಟಲಿಗೆ ಅವರೇ ಎದ್ದು ಚಹಾ ಸುರಿದರು. ಸಕ್ಕರೆಯನ್ನೂ ಅವರೇ ಬೆರೆಸಿದರು.

ಶನಿವಾರ, ಹುಲ್ಲಿನ ಮೈದಾನ

ಹೆರೆಮಣೆಯ ಕೆಲಸವನ್ನು ಕಣ್ಣಾರೆ ತೋರಿಸಿದರೆ ಬಲಿಪೀಠದ ಚೀಟಿಯನ್ನಾದರೂ ಬದಲಿಸುತ್ತೇನೆ ಎಂದು ಕೋಲ್ ಒಪ್ಪಿದ. ಸೋಮವಾರ ಬಾಗಿಲು ಮುಚ್ಚುವ ದಿನ, ಆಗ ಬನ್ನಿ ಎಂದ. ಆದರೆ ತೆಂಗಿನಕಾಯಿ? ಆ ಪಟ್ಟಣದ ತರಕಾರಿ ಅಂಗಡಿಯಲ್ಲಿ ಆಲೂಗಡ್ಡೆಯ ಎಂಟು ಜಾತಿ ಇತ್ತು, ತೆಂಗಿನಕಾಯಿ ಇರಲಿಲ್ಲ. ಅಂಗಡಿಯವಳು ಹೇಳಿದಳು, "ಶನಿವಾರ ಮೈದಾನಕ್ಕೆ ಹೋಗಿ. ಅಲ್ಲಿ ಹೊಡೆಯಲಿಕ್ಕೆ ಇಟ್ಟಿರುತ್ತಾರೆ."

ಹೊಡೆಯಲಿಕ್ಕೆ ಎಂದರೆ ಏನೆಂದು ಹೋದಮೇಲೆ ತಿಳಿಯಿತು. ಕೋಲುಗಳನ್ನು ಊರಿ, ಒಂದೊಂದರ ತಲೆಯ ಮೇಲೆ ಒಂದೊಂದು ತೆಂಗಿನಕಾಯಿ ಕೂರಿಸಿ, ದೂರದಿಂದ ಮರದ ಚೆಂಡು ಎಸೆಯುತ್ತಾರೆ. ಬೀಳಿಸಿದವರಿಗೆ ಆ ಕಾಯಿ. ನಾವು ದೇವರ ಮುಂದೆ ಒಡೆಯುವುದನ್ನು ಈ ಜನ ನಗುನಗುತ್ತಾ ಚೆಂಡಿಗೆ ಒಡ್ಡುತ್ತಿದ್ದರು. ಕೇಳಿದರೆ, ಗೆದ್ದ ಕಾಯಿಯನ್ನು ಎಷ್ಟೋ ಜನ ತಿನ್ನುವುದೂ ಇಲ್ಲವಂತೆ. ಕಪಾಟಿನ ಮೇಲೆ ಇಡುತ್ತಾರಂತೆ!

ಮಿಸ್ ಎಡಿತ್ ಕೊಡೆ ಹಿಡಿದು ಬಂದಿದ್ದರು. ವಸಂತನೂ ಇದ್ದ. ನಾನು ಕೋಟು ಬಿಚ್ಚಿ, ತೋಳು ಮಡಚಿ ಎಸೆದೆ. ಮೊದಲನೆಯದು ಹಿಂದಿನ ಗುಡಾರಕ್ಕೆ ಹೋಯಿತು. ಎರಡನೆಯದು ಅಂಗಡಿಯವನ ಟೋಪಿಯನ್ನು ಸವರಿತು. ಮೂರನೆಯದರ ಸುದ್ದಿ ಬೇಡ.

"ಭಾವ, ಶಾಲೆಯಲ್ಲಿ ಸೀಮೆಸುಣ್ಣ ಎಸ್ದು ಅಭ್ಯಾಸ ಉಂಟಲ್ಲ?" ಎಂದ ವಸಂತ.

"ನೀವು ಆಚೆ ಸರೀರಿ," ಎಂದಳು ದೇವಕಿ. ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಸುಳ್ಯದಲ್ಲಿ ನೆರೆಮನೆಯ ಮಾವಿನ ಮರಕ್ಕೆ ಕಲ್ಲೆಸೆದು ಬೆಳೆದ ಕೈ ಅದು. ಎರಡನೆಯ ಚೆಂಡಿಗೆ ಕಾಯಿ ಹುಲ್ಲಿಗೆ ಬಿತ್ತು. ಸುತ್ತ ನಿಂತವರು ಚಪ್ಪಾಳೆ ತಟ್ಟಿದರು. ಇವಳು ಅದನ್ನು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದಳು. ಉಗುರಿನಲ್ಲಿ ತಟ್ಟಿದಳು. ಮುಖ ಸಿಂಡರಿಸಿ ಅಂಗಡಿಯವನಿಗೇ ಹಿಂದೆ ಕೊಟ್ಟಳು.

"ನೀರಿಲ್ಲ. ಹಾಳು ಕಾಯಿ. ಆ ಮೂಲೆಯದ್ದು ಇಡ್ಲಿಕ್ಕೆ ಹೇಳಿ, ಅದು ಒಳ್ಳೆದು ಕಾಣ್ತದೆ."

ಗೆದ್ದ ಕಾಯಿಯನ್ನು ಹಿಂದೆ ಕೊಟ್ಟವರನ್ನು ಆ ಅಂಗಡಿಯವನು ಹುಟ್ಟಿದಾರಭ್ಯ ಕಂಡಿರಲಿಕ್ಕಿಲ್ಲ. ಬಾಯಿ ತೆರೆದುಕೊಂಡೇ ಮೂಲೆಯ ಕಾಯಿಯನ್ನು ತಂದು ಕೂರಿಸಿದ. ಅದು ಮೊದಲ ಚೆಂಡಿಗೇ ಬಿತ್ತು.

ಸೋಮವಾರ, ಬಾಗಿಲು ಮುಚ್ಚಿದ ದಿನ

ಹನ್ನೆರಡನೆಯ ಕೋಣೆಯ ನೆಲಕ್ಕೆ ದಪ್ಪ ಬಟ್ಟೆ ಹಾಸಿದ್ದರು. ಕೋಲ್ ಕೈಯಲ್ಲಿ ಪುಸ್ತಕ ಹಿಡಿದು ನಿಂತಿದ್ದ. ಅಂದು ಕೂಗಿಕೊಂಡು ಬಂದ ಕಾವಲುಗಾರ ಮುತುವರ್ಜಿಯಿಂದ ಮಣೆಯನ್ನು ಇಳಿಸಿ ಕೊಟ್ಟ. ದೇವಕಿ ಅದನ್ನು ಒರೆಸಿ, ಹಲ್ಲಿಗೆ ಬಿಸಿನೀರು ಹೊಯ್ದು ತೊಳೆದಳು. ಕಾಯಿ ಒಡೆಯಲು ಕತ್ತಿ ಇರಲಿಲ್ಲ. ಕಾವಲುಗಾರ ತಂದುಕೊಟ್ಟ ಸುತ್ತಿಗೆಯಿಂದ ಮೆಟ್ಟಿಲ ಮೇಲೆ ಸುತ್ತ ತಟ್ಟಿ, ಗೆರೆ ಹಿಡಿದ ಹಾಗೆ ಎರಡು ಹೋಳು ಮಾಡಿದಳು. ನೀರನ್ನು ಚಹಾದ ಬಟ್ಟಲಿಗೆ ಹಿಡಿದು ಮೊದಲು ಮಿಸ್ ಎಡಿತ್ ಅವರಿಗೆ ಕೊಟ್ಟಳು.

ಆಮೇಲೆ ಮಣೆಯ ಮೇಲೆ ಒಂದು ಕಾಲು ಮಡಚಿ ಕೂತಳು. ಮುಂದೆ ತಟ್ಟೆ ಇಟ್ಟಳು. ಕರ್, ಕರ್, ಕರ್. ಹಲ್ಲು ಮೊಂಡಾಗಿದ್ದರೂ ಕೆಲಸ ಮರೆತಿರಲಿಲ್ಲ. ಬೆಳ್ಳಗಿನ ಕಾಯಿತುರಿ ತಟ್ಟೆಗೆ ಉದುರತೊಡಗಿತು. ಆನೆದಂತ, ಹೂದಾನಿಗಳ ನಡುವೆ ಆ ಸದ್ದು ಕೇಳಿ ನನಗೇ ಮನೆಯ ಹಂಬಲ ಬಂತು.

ಕೋಲ್ ಬರೆದುಕೊಳ್ಳುತ್ತಿದ್ದ. "ಅಡುಗೆಯ ಸಾಮಾನು. ಒಪ್ಪಿದೆ. ದುರಸ್ತಿಯಾದದ್ದು, ಬಳಸಿದ್ದು, ಒಪ್ಪಿದೆ. ಆದರೆ ಬಳಸಿದವರು ಯಾರೆಂದು ಒಂದು ಮರದ ಕಾಲು ಹೇಳಲಾರದು, ಮಿಸ್ ಎಡಿತ್. ಅಡುಗೆಯವನೇ ಕುತೂಹಲಕ್ಕೆ..."

ಅವನು ಮಾತು ನಿಲ್ಲಿಸಿದ. ಮಿಸ್ ಎಡಿತ್ ಅವನ ಕಡೆ ನೋಡುತ್ತಲೇ ಇರಲಿಲ್ಲ.

ಊರುಗೋಲನ್ನು ಗೋಡೆಗೆ ಒರಗಿಸಿ ಅವರು ಮೆಲ್ಲ ಮೆಲ್ಲನೆ ಮೊಣಕಾಲೂರಿದರು. ಹಿಡಿಯಲು ಹೋದ ಕಾವಲುಗಾರನ ಕೈಯನ್ನು ಸರಿಸಿದರು. ಮಣೆಯ ಎದುರಿಗಲ್ಲ, ಸ್ವಲ್ಪ ಎಡಕ್ಕೆ, ಹೆರೆಯುವವಳ ಮೊಣಕೈ ತಾಗದ ಕಡೆ ಕೂತರು. ಹೆರೆಮಣೆಯ ಹತ್ತಿರ ಎಲ್ಲಿ ಕೂರಬೇಕು ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಬಲಗೈಯನ್ನು ಬೊಗಸೆಯ ಅರ್ಧದಂತೆ ಮಡಚಿ, ಹಲ್ಲಿನ ಕೆಳಗೆ, ತಟ್ಟೆಗೂ ಕಾಯಿಗೂ ನಡುವೆ ಮೆತ್ತಗೆ ತೂರಿಸಿದರು.

ನಮ್ಮ ಮನೆಗಳಲ್ಲಿ ಕಾಯಿ ಹೆರೆಯುವಾಗ ಮಕ್ಕಳು ಕೈ ಒಡ್ಡುವುದು ಹೀಗೆಯೇ. ತಟ್ಟೆಗೆ ಬೀಳುವ ಮೊದಲು ಅಂಗೈಗೆ ಬಿದ್ದದ್ದು ಮಕ್ಕಳದ್ದು. ಇದು ಯಾವ ಪುಸ್ತಕದಲ್ಲೂ ಬರೆದದ್ದಲ್ಲ. ಈ ಕೈಗೆ ಒಂದು ಉತ್ತರವೂ ಉಂಟು, ಅದನ್ನೂ ಬರೆದಿಟ್ಟವರಿಲ್ಲ. ದೇವಕಿ ತಲೆ ಎತ್ತದೆ, ಹೆರೆಯುವುದನ್ನು ನಿಲ್ಲಿಸದೆ, ಕಾಯಿಯ ಹೋಳಿನಿಂದ ಆ ಮುದಿ ಕೈಯ ಬೆನ್ನಿಗೆ ಟಪ್ ಎಂದು ಒಂದು ತಟ್ಟಿದಳು.

"ಕೈ ತೆಗಿ ಮಗಾ, ಹಲ್ಲು ತಾಗ್ತದೆ!"

ನಾನು ಹೆದರಿ ಹೋದೆ. ಆ ಮನೆಯ ಒಡತಿಗೆ, ಗೋಡೆ ತುಂಬ ತೂಗುವ ಅಷ್ಟು ಹಿರಿಯರ ಮುಂದೆ! ಆದರೆ ಮಿಸ್ ಎಡಿತ್ ಸರಕ್ಕನೆ ಕೈ ಹಿಂದಕ್ಕೆ ಎಳೆದುಕೊಂಡರು, ಕಾಯಿತುರಿ ಚೆಲ್ಲದ ಹಾಗೆ ಮುಷ್ಟಿ ಮಾಡಿ. ಎಳೆದ ವೇಗದಲ್ಲೇ ಬಾಯಿಗೆ ಹಾಕಿಕೊಂಡರು. ಮತ್ತೆ ಕಳ್ಳತನ ಸಿಕ್ಕಿಬಿದ್ದವರಂತೆ ನಮ್ಮೆಲ್ಲರನ್ನೂ ನೋಡಿ ನಕ್ಕರು. ಬಾಯ ತುಂಬ ಬಿಳಿ ತುರಿ.

"ಅವಳೂ ಹೊಡೆಯುತ್ತಿದ್ದಳು," ಎಂದರು. "ಹೀಗೆಯೇ. ನೋವಾಗುತ್ತಿರಲಿಲ್ಲ."

ದೇವಕಿಗೆ ಆಗ ತಾನು ಮಾಡಿದ್ದು ಹೊಳೆಯಿತು. "ಅಯ್ಯೋ, ನಾನು ಎಂತ ಮಾಡಿದೆ ಮಾರಾಯ್ರೆ! ಅವರಿಗೆ ಹೇಳಿ, ಅಭ್ಯಾಸ ಅಂತ ಹೇಳಿ!"

ನಾನು ಕೋಲ್ ಕಡೆ ತಿರುಗಿ, ನಮ್ಮ ಮನೆಗಳ ಆ ಕೈ, ಆ ಪೆಟ್ಟು ಎರಡನ್ನೂ ವಿವರಿಸಿದೆ. ಅವನು ಪುಸ್ತಕ ಮುಚ್ಚಿದ. ಕನ್ನಡಕ ತೆಗೆದು ಒರೆಸಿದ. ಒರೆಸಿದ್ದನ್ನೇ ಮತ್ತೆ ಒರೆಸಿದ.

"ಚಿಕ್ಕಂದಿನಲ್ಲಿ ನಮ್ಮ ಅಮ್ಮ ಹಿಟ್ಟು ಕಲಸುವಾಗ ನನಗೂ ಚಮಚದ ಒಂದು ಪೆಟ್ಟು ಬೀಳುತ್ತಿತ್ತು," ಎಂದ. ಕಿಸೆಯಿಂದ ಒಂದು ಖಾಲಿ ಚೀಟಿ ತೆಗೆದು ಕಿಟಕಿಯ ದಂಡೆಯ ಮೇಲಿಟ್ಟು ಬರೆಯತೊಡಗಿದ. ಒಂದು ಕಡೆ ಕೈ ನಿಂತಿತು. "ಹೆಸರು?"

"ನಾವು ಆಯಾ ಎಂದು ಕರೆಯುತ್ತಿದ್ದೆವು."

ಅವನು ಅದನ್ನೇ ಬರೆಯಲು ಹೊರಟ. ನಾನು ದೇವಕಿಗೆ ಹೇಳಿದೆ. ಅವಳು ಮಣೆಯಿಂದ ಎದ್ದಳು.

"ಅದು ಕೆಲಸದ ಹೆಸರು, ಅವಳದ್ದಲ್ಲ. ಗೊತ್ತಿಲ್ಲದಿದ್ರೆ ಗೊತ್ತಿಲ್ಲ ಅಂತಲೇ ಬರೀಲಿ. ಅವಳಿಗೆ ಹೆಸರೇ ಇರ್ಲಿಲ್ಲ ಅಂತ ಆಗುದು ಬೇಡ."

ಇದನ್ನು ಇಂಗ್ಲಿಷಿಗೆ ತರಲು ನಾನು ಬಹಳ ಹೆಣಗಿದೆ. ಆದರೆ ತಲುಪಿತು. ಕೋಲ್ ಬರೆದು ಮುಗಿಸಿ ಗಟ್ಟಿಯಾಗಿ ಓದಿದ. "ತೆಂಗಿನಕಾಯಿ ತುರಿಯುವ ಮಣೆ. ಇದನ್ನು ಈ ಮನೆಯ ಅಡುಗೆಕೋಣೆಯಲ್ಲಿ ಬಳಸಿದವಳು ಮಂಗಳೂರಿನ ಕಡೆಯಿಂದ ಬಂದು ಇಲ್ಲಿಯ ಮಗುವನ್ನು ಸಾಕಿದ ಹೆಂಗಸು. ಅವಳಿಗೊಂದು ಹೆಸರಿತ್ತು. ನಮಗೆ ತಿಳಿಯದು."

ಮಿಸ್ ಎಡಿತ್ ಇನ್ನೊಮ್ಮೆ ಓದಿಸಿದರು. ಕಿವಿ ಮಂದ ಎಂದು ನೆವ ಹೇಳಿ ಮೂರನೆಯ ಸಲವೂ ಓದಿಸಿದರು. ಅಷ್ಟರಲ್ಲಿ ತಟ್ಟೆಯ ಕಾಯಿತುರಿಯನ್ನು ಕಾವಲುಗಾರ ಚಮಚದಲ್ಲಿ ಅರ್ಧ ಖಾಲಿ ಮಾಡಿದ್ದ.

ಮರುದಿನ

ಮಗು, ಬಾಣಂತಿ ಅಂದು ಮಧ್ಯಾಹ್ನ ಮನೆಗೆ ಬರುವವರಿದ್ದರು. ದೇವಕಿ ಬೆಳಗ್ಗೆಯೇ ನೀರು ಕಾಯಿಸುವ ಹಂಡೆಗೆ ಏನು ಮಾಡುವುದೆಂಬ ಚಿಂತೆಯಲ್ಲಿದ್ದಳು. ಆದರೂ ಹೇಳಿ ಬರುವುದು ಮರ್ಯಾದೆ ಎಂದು ಹೋದೆವು.

ಚೀಟಿ ಟೈಪಾಗಿ ಹನ್ನೆರಡನೆಯ ಕೋಣೆಯಲ್ಲಿ ಕೂತಿತ್ತು. ಕೈಪಿಡಿಯ ಸಾಲೂ ಅಚ್ಚಿನ ಮನೆಗೆ ಹೋಗಿತ್ತು. ಮಿಸ್ ಎಡಿತ್ ಒಂದು ಕುರ್ಚಿ ಹಾಕಿಸಿಕೊಂಡು ಅಲ್ಲೇ ಕೂತಿದ್ದರು. ನಾವು ಬಾಗಿಲಲ್ಲಿರುವಾಗಲೇ ಒಬ್ಬ ದಪ್ಪ ಮನುಷ್ಯ ನಮ್ಮನ್ನು ದಾಟಿ ಒಳಗೆ ಹೋದ. ಬಸ್ಸಿನ ಡ್ರೈವರನ ಉಡುಪು. ಮಳೆಗೆ ನೆನೆದ ಟೋಪಿಯನ್ನು ಕೈಯಲ್ಲಿ ಹಿಂಡುತ್ತಿದ್ದ. ಬಸ್ಸು ಹೊರಡುವವರೆಗೆ ಹೊತ್ತು ಕಳೆಯಲು ಬಂದವನು. ಚಿನ್ನದ ಚೌಕಟ್ಟುಗಳ ಕಡೆ ನೋಡಲಿಲ್ಲ, ಆನೆದಂತವನ್ನೂ ದಾಟಿದ. ಚೀಟಿಯ ಮುಂದೆ ನಿಂತು ತುಟಿ ಅಲ್ಲಾಡಿಸುತ್ತಾ ಓದಿದ. ಮತ್ತೆ ಮೊದಲಿನಿಂದ ಓದಿದ.

ಕುರ್ಚಿಯ ಮೇಲಿದ್ದವರ ಕಡೆ ತಿರುಗಿ, ಆ ಪಿಸುಮಾತಿನ ಮನೆಯಲ್ಲಿ ಗಟ್ಟಿಯಾಗಿಯೇ ಕೇಳಿದ. "ಅವಳ ಹೆಸರು ಏನಿರಬಹುದು, ಅಮ್ಮ?"

ಮಿಸ್ ಎಡಿತ್ ಬೆನ್ನು ನೆಟ್ಟಗೆ ಮಾಡಿ ಕೂತರು.

"ನೋಡಿ," ಎಂದರು, "ಎಪ್ಪತ್ತು ವರ್ಷದಿಂದ ಇದನ್ನು ನಾನೊಬ್ಬಳೇ ಕೇಳುತ್ತಿದ್ದೆ."